ಫೀಡಲ್ಲಿ ಹಾಕೋ ಆಂಟಿಮೈಕ್ರೋಬಿಯಲ್ ಪೆಪ್ಟೈಡ್ ಮತ್ತು ಪ್ರಾಣಿಗಳ ಕರುಳಿನ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಲ್ಲಿ, ಪತ್ರದಲ್ಲಿ, ಕಾಮೆಂಟಲ್ಲಿ ತಿರುಗಾ ಮುರುಗಾ ಬರೋ ಪ್ರಶ್ನೆಗಳನ್ನ ಒಂದ್ಕಡೆ ಸೇರಿಸಿದೀನಿ. ಪ್ರಶ್ನೆಗಳನ್ನ ಕೇಳಿದವ್ರ ಮಾತಲ್ಲೇ ಬಿಟ್ಟಿದೀನಿ. ಮೊದಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಸ್ವಲ್ಪ ತಲೆ ತಿನ್ನೋದು. ಪೂರ್ತಿ ಓದ್ಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡ್ಕೊಂಡು ಓದಿದ್ರೂ ಅರ್ಥ ಆಗತ್ತೆ.

## ಶುರುವಿಂದ

ಸಾರ್, ಆಂಟಿಮೈಕ್ರೋಬಿಯಲ್ ಪೆಪ್ಟೈಡ್ ಅಂದ್ರೆ ಆಂಟಿಬಯೋಟಿಕ್‌ಗೇ ಇನ್ನೊಂದ್ ಹೆಸರಾ?

ಅಲ್ಲ, ಆದ್ರೆ ಎರಡರ ಮಧ್ಯೆ ಗೋಡೆ ಕಟ್ಟಿದ ಹಾಗೂ ಇಲ್ಲ. ಪೆಪ್ಟೈಡ್ ಅಂದ್ರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಇಲ್ಲಿ ನಾವು ಮಾತಾಡ್ತಿರೋವು ಹೆಚ್ಚಾಗಿ 10ರಿಂದ 50 ಅಮೈನೋ ಆಮ್ಲದಷ್ಟು ಉದ್ದ ಇರ್ತವೆ, ಬಹುತೇಕಕ್ಕೆ ಪಾಸಿಟಿವ್ ಚಾರ್ಜ್ ಇರತ್ತೆ, ಮತ್ತೆ ಒಂದು ಭಾಗ ನೀರಿಗೆ ಒಗ್ಗೋದು, ಇನ್ನೊಂದು ಭಾಗ ಕೊಬ್ಬಿಗೆ ಒಗ್ಗೋದು. ಕೀಟ, ಕಪ್ಪೆ, ಕೋಳಿ, ಹಂದಿ, ಮನುಷ್ಯ, ಗಿಡ, ಕೊನೆಗೆ ಬ್ಯಾಕ್ಟೀರಿಯಾನೂ ಇವನ್ನ ತಯಾರು ಮಾಡ್ತವೆ. 1981ರಲ್ಲಿ ಸ್ವೀಡನ್ನಿನ ಹನ್ಸ್ ಬೊಮಾನ್ ತಂಡದವ್ರು ಸಿಕ್ರೋಪಿಯಾ ಪತಂಗದ ಪ್ಯೂಪಾದಿಂದ ಸಿಕ್ರೋಪಿನ್ ತೆಗೆದು ಅದರ ರಚನೆ ಪ್ರಕಟ ಮಾಡಿದ್ರು, 1987ರಲ್ಲಿ ಮೈಕೆಲ್ ಜಾಸ್ಲಾಫ್ ಆಫ್ರಿಕಾದ ಒಂದು ಜಾತಿ ಕಪ್ಪೆಯ ಚರ್ಮದಿಂದ ಮ್ಯಾಗೈನಿನ್ ತೆಗೆದ್ರು. ಆಮೇಲೆ ಇದಕ್ಕೆ ಜೋರು ಬಂತು.

ಗೋಡೆ ಇಲ್ಲ ಅಂದಿದ್ದು ಯಾಕೆ ಅಂದ್ರೆ, ಕೊಲಿಸ್ಟಿನ್, ಬ್ಯಾಸಿಟ್ರಾಸಿನ್ ಇವೂ ಪೆಪ್ಟೈಡೇ, ದಶಕಗಟ್ಟಲೆ ಫೀಡಲ್ಲಿ ಹಾಕ್ತಿದ್ದ ಆಂಟಿಬಯೋಟಿಕ್ಕೂ ಹೌದು. ಹಂಗಾಗಿ ಯಾರಾದ್ರೂ "ಇದು ಆಂಟಿಬಯೋಟಿಕ್ ಅಲ್ಲ ಸ್ವಾಮಿ, ಪೆಪ್ಟೈಡ್" ಅಂತ ಮಾರೋಕೆ ಬಂದ್ರೆ ಯಾವ ಪೆಪ್ಟೈಡ್ ಅಂತ ಕೇಳಿ. ಹೆಸರು ಹೇಳ್ದೆ ಇದ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಪ್ರಾಣಿ ಮೈಯಲ್ಲೇ ಇದು ತಯಾರಾಗತ್ತೆ ಅಂದ್ಮೇಲೆ ಹೊರಗಿಂದ ಯಾಕ್ ಹಾಕ್ಬೇಕು?

ಆರೋಗ್ಯವಾಗಿರೋ ದೊಡ್ಡ ಪ್ರಾಣಿಗೆ ಬೇಕಾಗಿಲ್ಲ ಅಂತ್ಲೇ ಇಟ್ಕೊಳ್ಳಿ. ಪ್ರಶ್ನೆ ಬರೋದು ಮರಿಗಳ ವಿಷಯದಲ್ಲಿ. ಹಂದಿ ಸಾಕಣೆಲಿ ಮರಿಗೆ ಮೂರ್ನಾಲ್ಕು ವಾರ ಆದಾಗ ತಾಯಿ ಹಾಲು ಬಿಡಿಸ್ತಾರೆ. ಹಾಲಿನ ಜೊತೆ ಬರ್ತಿದ್ದ ಪ್ರತಿಕಾಯಗಳು, ಲ್ಯಾಕ್ಟೋಫೆರಿನ್ ಎಲ್ಲಾ ಒಂದೇ ದಿನ ನಿಂತೋಗತ್ತೆ, ಅದ್ರ ಸ್ವಂತ ರಕ್ಷಣೆ ಇನ್ನೂ ಪೂರ್ತಿ ಬಲಿತಿರಲ್ಲ, ಗಾಬರಿಗೆ ಎರಡು ದಿನ ಸರಿಯಾಗಿ ತಿನ್ನಲ್ಲ, ಕರುಳಿನ ಒಳಪದರದಲ್ಲಿ ಆಹಾರ ಹೀರೋ ವಿಲ್ಲೈ ಅನ್ನೋ ಬೆರಳಿನಂಥ ಚಾಚುಗಳು ಗಿಡ್ಡ ಆಗ್ತವೆ, ಆ ಸಮಯ ನೋಡ್ಕೊಂಡು ಎಫ್4, ಎಫ್18 ಅನ್ನೋ ಅಂಟು ಕೂದಲು ಇರೋ ಇ. ಕೊಲೈ ಹತ್ಕೊಂಡು ನೀರು ನೀರು ಭೇದಿ ಶುರುವಾಗತ್ತೆ. ಮೊದಲು ಇದಕ್ಕೆ ಫೀಡಲ್ಲೇ ಸಣ್ಣ ಡೋಸ್ ಆಂಟಿಬಯೋಟಿಕ್ ಹಾಕ್ತಿದ್ರು. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಹಾಕೋದನ್ನ ನಿಲ್ಲಿಸ್ತು, ಯುರೋಪಿಯನ್ ಯೂನಿಯನ್ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸ್ತು, ಚೀನಾ 2020ರಲ್ಲಿ. ಭೇದಿಗೆ ಕೈಹಿಡೀತಿದ್ದ ಜಿಂಕ್ ಆಕ್ಸೈಡ್‌ನ ಭಾರೀ ಡೋಸ್‌ಗೂ ಯುರೋಪಲ್ಲಿ 2022ರ ಜೂನಿಗೆ ತೆರೆ ಬಿತ್ತು. ಆ ಖಾಲಿ ಜಾಗಕ್ಕೆ ನುಗ್ಗಿರೋ ಹತ್ತಾರು ಪದಾರ್ಥಗಳಲ್ಲಿ ಪೆಪ್ಟೈಡೂ ಒಂದು.

ಬ್ಯಾಕ್ಟೀರಿಯಾನ ಕೊಲ್ಲತ್ತೆ ಅಂದ್ರೆ ನಮ್ ಪ್ರಾಣಿ ಜೀವಕೋಶನ ಯಾಕೆ ಬಿಡತ್ತೆ?

ಚಾರ್ಜ್ ವ್ಯತ್ಯಾಸ. ಬ್ಯಾಕ್ಟೀರಿಯಾದ ಹೊರಮೈ ನೆಗೆಟಿವ್, ಪೆಪ್ಟೈಡ್ ಪಾಸಿಟಿವ್, ಎಳ್ಕೊಂಡು ಹೋಗಿ ಅಂಟ್ಕೊಳ್ಳತ್ತೆ, ಪೊರೇಲಿ ತೂತು ಮಾಡತ್ತೆ. ಪ್ರಾಣಿಯ ಜೀವಕೋಶದ ಹೊರಪದರದಲ್ಲಿ ನೆಗೆಟಿವ್ ಚಾರ್ಜ್ ಕಮ್ಮಿ, ಮೇಲಿಂದ ಕೊಲೆಸ್ಟ್ರಾಲ್ ಇದ್ದು ಪೊರೆ ಗಟ್ಟಿ ಇರತ್ತೆ. ಆದ್ರೆ ಇದು ಎಲ್ಲಾ ಪೆಪ್ಟೈಡ್‌ಗೂ ಅನ್ವಯಿಸಲ್ಲ. ಜೇನುಹುಳದ ವಿಷದಲ್ಲಿರೋ ಮೆಲಿಟಿನ್ ಕೂಡ 26 ಅಮೈನೋ ಆಮ್ಲದ ಇಂಥದ್ದೇ ಪೆಪ್ಟೈಡ್, ಅದು ನಮ್ಮ ಕೆಂಪು ರಕ್ತಕಣಗಳನ್ನೂ ಒಡೆದು ಹಾಕತ್ತೆ.

ಎಲ್ಲಾ ಬರೀ ತೂತು ಮಾಡೋವೇ ಅಂತಲೂ ಅಲ್ಲ. ಹಾಲು ಹುಳಿಸೋ ಒಂದು ಬ್ಯಾಕ್ಟೀರಿಯಾ ತಯಾರು ಮಾಡೋ ನೈಸಿನ್, ಬ್ಯಾಕ್ಟೀರಿಯಾ ಗೋಡೆ ಕಟ್ಟೋ ಲಿಪಿಡ್ 2 ಅನ್ನೋ ಕಚ್ಚಾ ಮಾಲನ್ನೇ ಹಿಡ್ಕೊಂಡು ಗೋಡೆ ಕೆಲಸ ನಿಲ್ಲಿಸತ್ತೆ, ಜೊತೆಗೆ ತೂತೂ ಮಾಡತ್ತೆ. ಇ. ಕೊಲೈ ತಯಾರು ಮಾಡೋ ಮೈಕ್ರೋಸಿನ್ ಜೆ25 ಒಳಗೆ ಹೋಗಿ, ಜೀನ್ ನಕಲು ತೆಗೆಯೋ ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಕಿಣ್ವದ ಕೆಲಸ ನಿಲ್ಲಿಸತ್ತೆ. ಹಂದಿಯದ್ದೇ ಆದ ಪಿಆರ್-39 ಕೂಡ ಪೊರೆ ಒಡೆಯೋದಕ್ಕಿಂತ ಒಳಗಿನ ಕೆಲಸ ಕೆಡಿಸೋ ಜಾತಿಗೇ ಸೇರಿದ್ದು.

ಪ್ರೋಟೀನ್ ತಿಂದ್ರೆ ಜೀರ್ಣ ಆಗತ್ತೆ, ಹಂಗಿದ್ಮೇಲೆ ಈ ಪೆಪ್ಟೈಡ್ ಕರುಳು ಮುಟ್ಟೋ ಮೊದ್ಲೇ ಮುಗ್ದು ಹೋಗಲ್ವಾ?

ಇಡೀ ಪಟ್ಟೀಲಿ ನನಗೆ ಜಾಸ್ತಿ ಇಷ್ಟ ಆಗೋ ಪ್ರಶ್ನೆ ಇದು, ಮತ್ತೆ ಮಾರೋರು ಜಾಸ್ತಿ ತಪ್ಪಿಸ್ಕೊಳ್ಳೋ ಪ್ರಶ್ನೆನೂ ಇದೇ.

ಟ್ರಿಪ್ಸಿನ್ ಅನ್ನೋ ಕಿಣ್ವ ಲೈಸಿನ್, ಆರ್ಜಿನಿನ್ ಆದ ಮೇಲೆ ಕತ್ತರಿ ಹಾಕತ್ತೆ. ಪೆಪ್ಟೈಡ್‌ಗೆ ಪಾಸಿಟಿವ್ ಚಾರ್ಜ್ ಕೊಡೋದೂ ಇದೇ ಲೈಸಿನ್, ಆರ್ಜಿನಿನ್. ಅಂದ್ರೆ ಯಾವ ಗುಣದಿಂದ ಅದು ಬ್ಯಾಕ್ಟೀರಿಯಾ ಕೊಲ್ಲತ್ತೋ ಅದೇ ಗುಣದಿಂದ ಸಣ್ಣ ಕರುಳಲ್ಲಿ ತುಂಡು ತುಂಡಾಗತ್ತೆ. ನೇರ ದಾರದ ಥರ ಇರೋ ಸಿಕ್ರೋಪಿನ್, ಮ್ಯಾಗೈನಿನ್ ಇಂಥವು ಬರಿಮೈಲಿ ಹೋದ್ರೆ ಹೆಚ್ಚು ಹೊತ್ತು ಬಾಳಲ್ಲ. ಬಾಳೋವು ಯಾವು ಅಂದ್ರೆ, ಸಲ್ಫರ್ ಸೇತುವೆಗಳಿಂದ ಬಿಗಿಯಾಗಿ ಮಡಚಿರೋ ಡಿಫೆನ್ಸಿನ್‌ಗಳು, ಎರಡೂ ತುದಿ ಸೇರಿಸಿ ಉಂಗುರ ಮಾಡಿರೋವು, ಮೈಕ್ರೋಸಿನ್ ಜೆ25 ಥರ ತನ್ನ ಬಾಲ ತನ್ನ ಕುಣಿಕೆಯೊಳಗೇ ಸಿಕ್ಕಿಸ್ಕೊಂಡಿರೋ 21 ಅಮೈನೋ ಆಮ್ಲದ್ದು, ಇಲ್ಲಾ ಲ್ಯಾಬಲ್ಲಿ ಡಿ-ರೂಪದ (ಮಾಮೂಲಿದರ ಕನ್ನಡಿಬಿಂಬದಂಥ) ಅಮೈನೋ ಆಮ್ಲ ಹಾಕಿ ಮಾಡಿರೋವು. ಇನ್ನೊಂದು ದಾರಿ, ಕೊಬ್ಬು ಅಥವಾ ಪಾಲಿಮರ್ ಕೋಟಿಂಗ್ ಕೊಟ್ಟು ಕಳ್ಸೋದು. ಮೂರನೇ ದಾರಿ ಪೆಪ್ಟೈಡ್ ತಯಾರು ಮಾಡೋ ಬ್ಯಾಕ್ಟೀರಿಯಾನೇ ಜೀವಂತ ತಿನ್ಸೋದು, ಆಗ ಅದು ಕರುಳಲ್ಲೇ ಕೂತು ಸಪ್ಲೈ ಮಾಡತ್ತೆ.

ಉಲ್ಟಾ ಉದಾಹರಣೆನೂ ಇದೆ. ಹಸುವಿನ ಹಾಲಿನ ಲ್ಯಾಕ್ಟೋಫೆರಿನ್ ಅನ್ನೋ ದೊಡ್ಡ ಪ್ರೋಟೀನ್‌ನ ಹೊಟ್ಟೆಯ ಪೆಪ್ಸಿನ್ ಕತ್ತರಿಸಿದಾಗ ಅದ್ರಿಂದ ಲ್ಯಾಕ್ಟೋಫೆರಿಸಿನ್ ಅನ್ನೋ 25 ಅಮೈನೋ ಆಮ್ಲದ ತುಂಡು ಹೊರಗೆ ಬರತ್ತೆ, ಅದು ಮೂಲ ಪ್ರೋಟೀನ್‌ಗಿಂತ ಚೆನ್ನಾಗಿ ಬ್ಯಾಕ್ಟೀರಿಯಾ ಕೊಲ್ಲತ್ತೆ. ಇಲ್ಲಿ ಜೀರ್ಣಕ್ರಿಯೆನೇ ಔಷಧಿ ತಯಾರು ಮಾಡ್ದಂಗಾಯ್ತು.

ಪೆಲೆಟ್ ಮಾಡೋವಾಗಿನ ಬಿಸಿಗೆ ಹಾಳಾಗಲ್ವಾ?

ಚಿಕ್ಕ ಪೆಪ್ಟೈಡ್‌ಗಳು ದೊಡ್ಡ ಕಿಣ್ವಗಳಷ್ಟು ನಾಜೂಕಲ್ಲ, ಪೆಲೆಟ್ ಮೆಷಿನ್ನಿನ 70-90 ಡಿಗ್ರಿಯನ್ನ ಹಲವು ತಡ್ಕೊಳ್ತವೆ. ಆದ್ರೆ ಬಿಸಿ, ತೇವ, ಸಕ್ಕರೆ ಅಂಶ ಮೂರೂ ಸೇರಿದ್ರೆ ಲೈಸಿನ್ ಸಕ್ಕರೆ ಜೊತೆ ಅಂಟ್ಕೊಂಡು ಚಾರ್ಜ್ ಕಳ್ಕೊಳ್ಳತ್ತೆ. ಫೀಡ್ ತಯಾರಾದ ಮೇಲೆ ಪೆಪ್ಟೈಡ್ ಎಷ್ಟು ಉಳಿದಿದೆ ಅಂತ ಟೆಸ್ಟ್ ಮಾಡಿರೋ ರಿಪೋರ್ಟ್ ಕೇಳೋದು ಒಳ್ಳೇದು.

## ಕರುಳೊಳಗೆ ನಡೆಯೋದು

ಕೆಟ್ಟ ಬ್ಯಾಕ್ಟೀರಿಯಾ ಸಾಯತ್ತೆ, ಒಳ್ಳೇದು ಉಳಿಯತ್ತೆ ಅಂತಾರಲ್ಲ, ಯಾವ್ದು ಒಳ್ಳೇದು ಅಂತ ಪೆಪ್ಟೈಡ್‌ಗೆ ಹೆಂಗೆ ಗೊತ್ತಾಗತ್ತೆ?

ಗೊತ್ತಾಗಲ್ಲ. ಗೊತ್ತಿರೋದು ಬ್ಯಾಕ್ಟೀರಿಯಾಗೆ.

ಕರುಳಲ್ಲಿ ಕಾಯಂ ವಾಸ ಮಾಡೋ ಬ್ಯಾಕ್ಟೀರಿಯಾಗಳು ಲಕ್ಷಾಂತರ ವರ್ಷದಿಂದ ಆತಿಥೇಯ ಪ್ರಾಣಿ ಸುರಿಸೋ ಪೆಪ್ಟೈಡ್‌ಗಳ ಮಧ್ಯೆನೇ ಬದುಕಿರೋವು, ಅದಕ್ಕೆ ತಕ್ಕಂಗೆ ಮೈ ಬದಲಾಯಿಸ್ಕೊಂಡಿದಾವೆ. 2015ರಲ್ಲಿ ಸೈನ್ಸ್ ಪತ್ರಿಕೆಲಿ ಬಂದ ಕೆಲಸ ಒಂದಿದೆ. ಬ್ಯಾಕ್ಟೀರಾಯ್ಡೀಸ್ ಜಾತಿಯವು ತಮ್ಮ ಹೊರಪೊರೆಯ ಲಿಪಿಡ್ ಎ ಅನ್ನೋ ಭಾಗದಿಂದ ಒಂದು ಫಾಸ್ಫೇಟ್ ಗುಂಪನ್ನ ಎಲ್‌ಪಿಎಕ್ಸ್‌ಎಫ್ ಅನ್ನೋ ಕಿಣ್ವದಿಂದ ಕಿತ್ತು ಹಾಕ್ತವೆ, ನೆಗೆಟಿವ್ ಚಾರ್ಜ್ ಕಮ್ಮಿ ಆಗತ್ತೆ, ಪೆಪ್ಟೈಡ್‌ಗೆ ಹಿಡಿತ ಸಿಗಲ್ಲ. ಆ ಕಿಣ್ವ ಇಲ್ಲದ ತಳಿನ ಇಲಿ ಕರುಳಿಗೆ ಬಿಟ್ರೆ ಮಾಮೂಲಿ ದಿನದಲ್ಲಿ ಇದ್ಕೊಂಡಿರತ್ತೆ, ಸೋಂಕು ಬಂದು ಉರಿಯೂತ ಆದಾಗ ಮಾತ್ರ ಜಾಗ ಕಳ್ಕೊಳ್ಳತ್ತೆ. ಗ್ರಾಂ ಪಾಸಿಟಿವ್ ಅನ್ನೋ, ಹೊರಪೊರೆ ಇಲ್ಲದ ದಪ್ಪ ಗೋಡೆಯ ಗುಂಪಿನ ಲ್ಯಾಕ್ಟೋಬ್ಯಾಸಿಲಸ್ ಥರದವು ಗೋಡೆಯ ಟೀಕೋಯಿಕ್ ಆಮ್ಲಕ್ಕೆ ಡಿ-ಅಲನಿನ್ ಅಂಟಿಸಿ ಅದೇ ಕೆಲಸ ಸಾಧಿಸ್ತವೆ.

ಹಾಗಂತ ಈ ವಿದ್ಯೆ ಸಾಧು ಬ್ಯಾಕ್ಟೀರಿಯಾಗಳಿಗೆ ಮಾತ್ರ ಮೀಸಲು ಅನ್ಕೊಬೇಡಿ. ಸಾಲ್ಮೊನೆಲ್ಲಾಗೆ ಪಿಎಚ್‌ಒಪಿ-ಪಿಎಚ್‌ಒಕ್ಯೂ ಅನ್ನೋ ಸೆನ್ಸರ್ ಇದೆ, ಸುತ್ತ ಪೆಪ್ಟೈಡ್ ಇದೆ ಅಂತ ಗೊತ್ತಾದ ತಕ್ಷಣ ಲಿಪಿಡ್ ಎ ರಿಪೇರಿ ಶುರು ಹಚ್ಕೊಳ್ಳತ್ತೆ. ಹಂಗಾಗಿ ಪೆಪ್ಟೈಡ್ ಹಾಕಿದಾಗ ಯಾರು ಉಳೀತಾರೆ ಅನ್ನೋದು ಯಾರ ಮೈ ಹೇಗಿದೆ ಅನ್ನೋದ್ರ ಮೇಲೆ ನಿಂತಿದೆ, ಒಳ್ಳೇದು ಕೆಟ್ಟದ್ದು ಅನ್ನೋ ನಮ್ಮ ಲೇಬಲ್ ಮೇಲೆ ಅಲ್ಲ.

ಒಟ್ಟಾರೆ ಬ್ಯಾಕ್ಟೀರಿಯಾ ಸಂಖ್ಯೆ ಕಮ್ಮಿ ಆಗತ್ತಾ ಮತ್ತೆ?

ಸಾಮಾನ್ಯವಾಗಿ ಇಲ್ಲ, ಬದಲಾಗೋದು ಯಾರು ಎಷ್ಟು ಅನ್ನೋ ಪಾಲು. ಇದಕ್ಕೆ ಚೊಕ್ಕ ಸಾಕ್ಷಿ ಫೀಡ್ ಪ್ರಯೋಗದ್ದಲ್ಲ, 2010ರಲ್ಲಿ ನೇಚರ್ ಇಮ್ಯುನಾಲಜಿಲಿ ಬಂದ ಇಲಿ ಪ್ರಯೋಗದ್ದು. ಸಣ್ಣ ಕರುಳಿನ ಗುಂಡಿಗಳಲ್ಲಿ ಪಾನೆತ್ ಕೋಶ ಅಂತ ಇರ್ತವೆ, ಡಿಫೆನ್ಸಿನ್ ಅವುಗಳದ್ದೇ ಉತ್ಪಾದನೆ. ಮನುಷ್ಯರ ಡಿಫೆನ್ಸಿನ್ 5 ಹೆಚ್ಚುವರಿಯಾಗಿ ತಯಾರು ಮಾಡೋ ಇಲಿ ಒಂದ್ಕಡೆ, ತನ್ನ ಡಿಫೆನ್ಸಿನ್‌ಗಳನ್ನ ಕೆಲಸಕ್ಕೆ ಸಿದ್ಧ ಮಾಡೋಕೆ ಆಗದ ಇಲಿ ಇನ್ನೊಂದ್ಕಡೆ. ಎರಡರಲ್ಲೂ ಬ್ಯಾಕ್ಟೀರಿಯಾ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೀರಾಯ್ಡೀಟ್ಸ್ ಅನ್ನೋ ಎರಡು ದೊಡ್ಡ ಬ್ಯಾಕ್ಟೀರಿಯಾ ಗುಂಪುಗಳ ಪಾಲು ಎದುರುಬದರು ದಿಕ್ಕಿಗೆ ವಾಲ್ತು. ಡಿಫೆನ್ಸಿನ್ ಜಾಸ್ತಿ ಇದ್ದ ಇಲೀಲಿ ಕರುಳಿನ ಗೋಡೆಗೆ ಅಂಟ್ಕೊಂಡಿರೋ ದಾರದಂಥ ಒಂದು ಬ್ಯಾಕ್ಟೀರಿಯಾ ಕಾಣೆಯಾಯ್ತು, ಅದ್ರ ಜೊತೆಗೆ ಕರುಳಲ್ಲಿ ಐಎಲ್-17 ಅನ್ನೋ ಉರಿಯೂತದ ಸಂಕೇತ ತಯಾರು ಮಾಡೋ ಟಿ ಕೋಶಗಳೂ (ರೋಗ ನಿರೋಧಕ ಕೋಶ) ಕಮ್ಮಿ ಆದ್ವು. ಒಂದೇ ಪೆಪ್ಟೈಡ್ ಬದಲಾಯಿಸಿದ್ದಕ್ಕೆ ಬ್ಯಾಕ್ಟೀರಿಯಾ ಬದಲಾಗಿ, ಅದರ ಹಿಂದೆ ಇಮ್ಯುನಿಟಿನೂ ಬದಲಾಯ್ತು ಅಂತ.

ಇದು ಸಣ್ಣ ಕರುಳಲ್ಲಿ ಕೆಲಸ ಮಾಡತ್ತಾ ದೊಡ್ಡ ಕರುಳಲ್ಲಾ?

ತಿನ್ನಿಸಿದ ಪೆಪ್ಟೈಡ್ ಜಾಸ್ತಿ ಮುಟ್ಟೋದು ಹೊಟ್ಟೆ ಮತ್ತು ಸಣ್ಣ ಕರುಳಿನ ಮೊದಲ ಭಾಗ. ಅಲ್ಲಿ ಬ್ಯಾಕ್ಟೀರಿಯಾ ಕಮ್ಮಿ, ಸಣ್ಣ ಕರುಳಿನ ಶುರುವಲ್ಲಿ ಗ್ರಾಂಗೆ ಕೆಲವು ಸಾವಿರದ ಲೆಕ್ಕ ಇದ್ರೆ ದೊಡ್ಡ ಕರುಳಲ್ಲಿ ಗ್ರಾಂಗೆ ಹತ್ತು ಸಾವಿರ ಕೋಟಿ ಮುಟ್ಟತ್ತೆ. ಆ ಸಮುದ್ರಕ್ಕೆ ಅಳಿದುಳಿದ ಚೂರು ಪೆಪ್ಟೈಡ್ ಹೋಗಿ ಏನ್ ಮಾಡೀತು? ಹಂದಿ ಮರಿಯ ಭೇದಿ ಇ. ಕೊಲೈ ಕೂರೋದು ಸಣ್ಣ ಕರುಳಲ್ಲಿ, ಹಾಗಾಗಿ ಅಲ್ಲಿ ಲಾಭ ಸಿಗೋದು ನಂಬೋ ಮಾತು. ದೊಡ್ಡ ಕರುಳಲ್ಲಿ ಕಾಣೋ ಬದಲಾವಣೆ ಬಹಳಷ್ಟು ಸಲ ಮೇಲಿಂದ ಇಳಿದು ಬರೋ ಆಹಾರದ ಅಂಶ ಬದಲಾಗಿದ್ದಕ್ಕೆ ಆಗಿರತ್ತೆ.

ಇನ್ನೊಂದು ವಿಷಯ, ದೇಹ ತಾನೇ ಸುರಿಸೋ ಪೆಪ್ಟೈಡ್ ಕರುಳಿನ ನಡುಭಾಗದಲ್ಲಿ ತೇಲಾಡ್ತಾ ಇರಲ್ಲ, ಗೋಡೆ ಹತ್ರದ ಲೋಳೆ ಪದರದಲ್ಲಿ ದಟ್ಟವಾಗಿರತ್ತೆ. ಇಲಿಯ ಸಣ್ಣ ಕರುಳಲ್ಲಿ ರೆಗ್3ಗಾಮಾ ಅನ್ನೋ ಪ್ರೋಟೀನ್ ಗೋಡೆಯಿಂದ ಸುಮಾರು 50 ಮೈಕ್ರೋಮೀಟರ್ ಜಾಗನ ಬ್ಯಾಕ್ಟೀರಿಯಾ ಇಲ್ದಂಗೆ ಕಾಯತ್ತೆ ಅಂತ 2011ರಲ್ಲಿ ತೋರಿಸಿದ್ರು. ಫೀಡಿಂದ ಬಂದ ಪೆಪ್ಟೈಡ್ ಹೋಗೋದು ನಡುಭಾಗದ ಕಡೆಯಿಂದ. ಎರಡೂ ಒಂದೇ ಕೆಲಸ ಮಾಡ್ತವೆ ಅನ್ಕೊಂಡ್ರೆ ಲೆಕ್ಕ ತಪ್ಪತ್ತೆ.

ಲ್ಯಾಕ್ಟೋಬ್ಯಾಸಿಲಸ್ ಜಾಸ್ತಿ ಆಯ್ತು ಕೋಲಿಫಾರ್ಮ್ ಕಮ್ಮಿ ಆಯ್ತು ಅಂತ ನೋಡಿದ್ ಪೇಪರಲ್ಲೆಲ್ಲಾ ಇರತ್ತೆ, ಅದು ಪೆಪ್ಟೈಡ್ ನೇರವಾಗಿ ಮಾಡಿದ್ದಾ?

ಅರ್ಧ ನೇರ ಇರಬಹುದು, ಉಳಿದರ್ಧ ಸುತ್ತಿ ಬಳಸಿ. ಉರಿಯೂತ ಆದ ಕರುಳಲ್ಲಿ ನೈಟ್ರೇಟ್ ಮತ್ತು ಆಮ್ಲಜನಕ ಜಾಸ್ತಿ ಸೋರತ್ತೆ, ಅವನ್ನ ಉಸಿರಾಟಕ್ಕೆ ಬಳಸ್ಕೊಳ್ಳೋಕೆ ಇ. ಕೊಲೈ ಬಳಗಕ್ಕೆ ಬರತ್ತೆ, ಕಟ್ಟಾ ಆಮ್ಲಜನಕ ವಿರೋಧಿಗಳಿಗೆ ಬರಲ್ಲ, ಹಾಗಾಗಿ ಉರಿಯೂತ ಇದ್ದಷ್ಟೂ ಇ. ಕೊಲೈಗೆ ಹಬ್ಬ. ಕೆಲವು ಪೆಪ್ಟೈಡ್‌ಗಳು ಸತ್ತ ಬ್ಯಾಕ್ಟೀರಿಯಾದ ಎಲ್‌ಪಿಎಸ್ ಅನ್ನೋ ವಿಷದ ಅಂಶನ ಹಿಡಿದು ಸುಮ್ಮನಾಗಿಸ್ತವೆ, ಕರುಳಿನ ಕೋಶಗಳ ಮಧ್ಯದ ಬೆಸುಗೆ ಬಿಗಿ ಮಾಡ್ತವೆ, ಉರಿಯೂತ ಇಳಿಯತ್ತೆ, ಇ. ಕೊಲೈಗೆ ಸಿಗ್ತಿದ್ದ ಅನುಕೂಲ ನಿಲ್ಲತ್ತೆ. ಇಲ್ಲಿ ಇ. ಕೊಲೈ ಕಮ್ಮಿ ಆಗಿದ್ದು ಪೆಪ್ಟೈಡ್ ಅದನ್ನ ಕೊಂದಿದ್ದಕ್ಕಲ್ಲ, ಆದ್ರೆ ಪೇಪರಲ್ಲಿ ಎರಡೂ ಒಂದೇ ಥರ ಕಾಣತ್ತೆ. ನನ್ನ ಅಭಿಪ್ರಾಯದಲ್ಲಿ ಫೀಡ್ ಪ್ರಯೋಗಗಳ ಫಲಿತಾಂಶದಲ್ಲಿ ಈ ಸುತ್ತುಬಳಸು ದಾರಿಯ ಪಾಲೇ ದೊಡ್ಡದು, ಕೊಲ್ಲೋ ಕಥೆಗೆ ಸುಮ್ನೆ ಜಾಸ್ತಿ ಪ್ರಚಾರ ಸಿಕ್ಕಿದೆ.

## ಯಾವ ಪ್ರಾಣಿಗೆ ಹೇಗೆ

ಹಂದಿ ಮರಿಗಳಲ್ಲಿ ನಿಜವಾಗ್ಲೂ ಫಲಿತಾಂಶ ಬಂದಿದ್ಯಾ, ಇಲ್ಲಾ ಬರೀ ಲ್ಯಾಬ್ ಮಾತಾ?

ಬಂದಿದೆ, ಎಲ್ಲಾ ಪ್ರಾಣಿಗಳಲ್ಲಿ ಜಾಸ್ತಿ ಕೆಲಸ ಆಗಿರೋದೇ ಹಾಲು ಬಿಟ್ಟ ಹಂದಿ ಮರಿಗಳಲ್ಲಿ. 2007ರಲ್ಲಿ ಕೊಲಿಸಿನ್ ಇ1 ಅನ್ನೋದನ್ನ ಫೀಡಲ್ಲಿ ಹಾಕಿ ಎಫ್18 ಇ. ಕೊಲೈ ಭೇದಿ ತಡೆದು ತೋರಿಸಿದ್ರು (ಇದು ಪೆಪ್ಟೈಡ್ ಅನ್ನೋದಕ್ಕಿಂತ ದೊಡ್ಡ ಪ್ರೋಟೀನ್, ಆದ್ರೆ ಐಡಿಯಾ ಅದೇ). 2012ರ ಒಂದು ಪ್ರಯೋಗದಲ್ಲಿ ಸಿಕ್ರೋಪಿನ್ ಎಡಿ ಅನ್ನೋದನ್ನ ಕೆಜಿ ಫೀಡಿಗೆ 400 ಮಿಲಿಗ್ರಾಂ ಹಾಕಿ, ಇ. ಕೊಲೈ ಕುಡಿಸಿ, ಆಂಟಿಬಯೋಟಿಕ್ ತಿಂದ ಗುಂಪಿನ ಜೊತೆ ಹೋಲಿಸಿದ್ರು, ಭೇದಿ ಕಮ್ಮಿ ಆಯ್ತು, ಲ್ಯಾಕ್ಟೋಬ್ಯಾಸಿಲಸ್ ಏರ್ತು. ಲ್ಯಾಕ್ಟೋಫೆರಿಸಿನ್ ಮಿಶ್ರಣಗಳು, ಎ3, ಪಿ5 ಅನ್ನೋ ಕೃತಕ ಪೆಪ್ಟೈಡ್‌ಗಳು, ಮೈಕ್ರೋಸಿನ್ ಜೆ25, ಇವುಗಳಲ್ಲೂ ಇದೇ ದಿಕ್ಕಿನ ವರದಿಗಳಿದಾವೆ.

ಗಮನಿಸ್ಬೇಕಾದ್ದು, ಕೊಳಕು ಜಾಗದಲ್ಲಿ ಅಥವಾ ಬೇಕಂತ ರೋಗ ಹತ್ತಿಸಿದಾಗ ವ್ಯತ್ಯಾಸ ಚೆನ್ನಾಗಿ ಕಾಣತ್ತೆ. ಸ್ವಚ್ಛವಾಗಿರೋ ಶೆಡ್ಡಲ್ಲಿ ಆರೋಗ್ಯವಂತ ಮರಿಗೆ ಹಾಕಿದ್ರೆ ತೋರಿಸೋಕೆ ಜಾಸ್ತಿ ಏನೂ ಉಳಿದಿರಲ್ಲ.

ಕೋಳಿಗೂ ಅದೇ ನಡೆಯತ್ತಾ?

ಕೋಳಿ ಕಥೆ ಸ್ವಲ್ಪ ಬೇರೆ. ಪಕ್ಷಿಗಳಿಗೆ ಬೀಟಾ ಡಿಫೆನ್ಸಿನ್ ಮಾತ್ರ ಇದೆ, ಇಲಿ ಮನುಷ್ಯರಲ್ಲಿರೋ ಆಲ್ಫಾ ಡಿಫೆನ್ಸಿನ್ ಇಲ್ಲ. ಕೋಳಿಲಿ 14 ಬೀಟಾ ಡಿಫೆನ್ಸಿನ್, ನಾಲ್ಕು ಕ್ಯಾಥೆಲಿಸಿಡಿನ್ (ಇಂಥ ಪೆಪ್ಟೈಡ್‌ಗಳದ್ದೇ ಇನ್ನೊಂದು ಕುಟುಂಬ) ಗುರುತಿಸಿದಾರೆ. ಆಹಾರ ಕರುಳು ದಾಟೋ ವೇಗನೂ ಜಾಸ್ತಿ, ಬ್ಯಾಕ್ಟೀರಿಯಾ ದಟ್ಟವಾಗಿ ಇರೋದು ಸಣ್ಣ ಕರುಳು ದೊಡ್ಡ ಕರುಳು ಸೇರೋ ಕಡೆ ಇರೋ ಎರಡು ಸೀಕಂ ಚೀಲಗಳಲ್ಲಿ. ಬ್ರಾಯ್ಲರ್‌ನಲ್ಲಿ ತಲೆನೋವು ಇ. ಕೊಲೈಗಿಂತ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಅದು ಕರುಳಿನ ಗೋಡೆ ಕೊಳೆಸಿಬಿಡತ್ತೆ. ಅದು ಗ್ರಾಂ ಪಾಸಿಟಿವ್ ಆದ್ದರಿಂದ ನೈಸಿನ್ ಥರದ್ದು ತರ್ಕಕ್ಕೆ ಕೂರತ್ತೆ. ಹಂದಿಗೆ ಕೆಲಸ ಮಾಡಿದ್ದನ್ನ ಹಂಗೇ ಎತ್ತಿ ಕೋಳಿಗೆ ಹಾಕೋಕೆ ಹೋಗ್ಬೇಡಿ, ಗುರಿನೇ ಬೇರೆ.

ಹಸು ಕುರಿಗೆ ಹಾಕ್ಬಹುದಾ?

ದೊಡ್ಡ ಹಸುಗೆ ಹಾಕಿದ್ರೆ ಮೊದಲ ಹೊಟ್ಟೆಯ (ರೂಮೆನ್) ಬ್ಯಾಕ್ಟೀರಿಯಾಗಳೇ ಪೆಪ್ಟೈಡ್‌ನ ಊಟ ಮಾಡಿಬಿಡ್ತವೆ, ಅವಕ್ಕೆ ಅದು ಸಾರಜನಕದ ತಿಂಡಿ ಅಷ್ಟೇ. ರೂಮೆನ್ ದ್ರವ ಲ್ಯಾಬಿಗೆ ತಂದು ನೈಸಿನ್ ಹಾಕಿದಾಗ ಮೀಥೇನ್ ಕಮ್ಮಿ ಆಗಿದ್ದುಂಟು, ಅದನ್ನ ಜೀವಂತ ಹಸೂಲಿ ದಿನಗಟ್ಟಲೆ ಉಳಿಸ್ಕೊಳ್ಳೋದು ಬೇರೆ ಮಾತು. ಹಾಲು ಕುಡಿಯೋ ಕರು, ಕುರಿ ಮರಿ ವಿಷಯ ಬೇರೆ, ಅವು ಕುಡಿದ ಹಾಲು ರೂಮೆನ್ ಮುಟ್ಟದೆ ನೇರ ನಾಲ್ಕನೇ ಹೊಟ್ಟೆಗೆ ಹೋಗತ್ತೆ, ಅಲ್ಲಿ ಪ್ರಯತ್ನ ಪಡೋದಕ್ಕೆ ಅರ್ಥ ಇದೆ.

ಹುಳದ ಪುಡಿ ಫೀಡಲ್ಲಿ ಪೆಪ್ಟೈಡ್ ಫ್ರೀಯಾಗಿ ಬರತ್ತಂತೆ ಹೌದಾ?

ಕಪ್ಪು ಸೈನಿಕ ನೊಣದ ಹುಳದಲ್ಲಿ ಇಂಥ ಪೆಪ್ಟೈಡ್‌ಗಳ ಜೀನ್ ದಂಡಿಯಾಗಿದಾವೆ, ಕೊಳೆತದ್ದರ ಮಧ್ಯೆ ಬದುಕೋ ಜೀವಿಗೆ ಬೇಕಲ್ವಾ. ಯುರೋಪಲ್ಲಿ ಇಂಥ ಕೀಟ ಪ್ರೋಟೀನ್‌ನ 2017ರಲ್ಲಿ ಮೀನಿಗೆ, 2021ರಲ್ಲಿ ಕೋಳಿ ಹಂದಿಗೆ ಒಪ್ಪಿದ್ರು. ಆದ್ರೆ ಹುಳದ ಪುಡೀಲಿ ಕೈಟಿನ್ (ಹುಳದ ಸಿಪ್ಪೆಯ ನಾರು) ಇರತ್ತೆ, ಲಾರಿಕ್ ಆಮ್ಲ ಅನ್ನೋ ಬ್ಯಾಕ್ಟೀರಿಯಾ ವಿರೋಧಿ ಕೊಬ್ಬು ಧಾರಾಳವಾಗಿರತ್ತೆ. ಕರುಳಿನ ಬ್ಯಾಕ್ಟೀರಿಯಾ ಬದಲಾದ್ರೆ ಕ್ರೆಡಿಟ್ ಪೆಪ್ಟೈಡ್‌ಗೇ ಕೊಡೋಕೆ ಆಧಾರ ಸಾಲದು, ನಾನಾದ್ರೆ ಮೊದಲು ಲಾರಿಕ್ ಆಮ್ಲದ ಮೇಲೆ ಅನುಮಾನ ಪಡ್ತೀನಿ.

ಪೆಪ್ಟೈಡ್ ಹಾಕೋ ಬದ್ಲು ಪ್ರಾಣಿನೇ ಜಾಸ್ತಿ ತಯಾರು ಮಾಡೋ ಹಂಗೆ ಮಾಡೋಕಾಗಲ್ವಾ?

ಆಗತ್ತೆ, ನನಗೆ ಇದೇ ಹೆಚ್ಚು ಜಾಣ ದಾರಿ ಅನ್ಸತ್ತೆ. ಬ್ಯುಟಿರೇಟ್ ಅನ್ನೋ ಚಿಕ್ಕ ಕೊಬ್ಬಿನಾಮ್ಲ ಕೊಟ್ರೆ ಕೋಳಿ ಮತ್ತು ಹಂದಿಯ ಕೋಶಗಳು ತಮ್ಮ ಡಿಫೆನ್ಸಿನ್, ಕ್ಯಾಥೆಲಿಸಿಡಿನ್ ಉತ್ಪಾದನೆ ಏರಿಸ್ತವೆ. ವಿಟಮಿನ್ ಡಿ ಮನುಷ್ಯರ ಕ್ಯಾಥೆಲಿಸಿಡಿನ್ ಜೀನ್‌ನ ನೇರವಾಗೇ ಎಬ್ಬಿಸತ್ತೆ, ಆದ್ರೆ ಇಲೀಲಿ ಆ ಸ್ವಿಚ್ ಇಲ್ಲ, ಹಾಗಾಗಿ ಪ್ರಾಣಿ ನೋಡ್ಕೊಂಡು ಮಾತಾಡ್ಬೇಕು. ಇಲ್ಲಿ ಅನುಕೂಲ ಏನು ಅಂದ್ರೆ ಪೆಪ್ಟೈಡ್ ಹುಟ್ಟೋದೇ ಗೋಡೆ ಹತ್ರ, ಹೊಟ್ಟೆಯ ಆಮ್ಲ ದಾಟೋ ಗೋಳೇ ಇಲ್ಲ, ಒಂದಲ್ಲ ಹಲವು ಪೆಪ್ಟೈಡ್ ಒಟ್ಟಿಗೆ ಬರ್ತವೆ.

## ರೆಸಿಸ್ಟೆನ್ಸ್, ಸೇಫ್ಟಿ

ಪೆಪ್ಟೈಡ್‌ಗೆ ರೆಸಿಸ್ಟೆನ್ಸ್ ಬರೋದೇ ಇಲ್ಲ ಅಂತ ಬ್ರೋಷರಲ್ಲಿ ಬರ್ದಿದಾರೆ, ನಂಬ್ಬಹುದಾ?

ಬೇಡ. ಪೊರೆನೇ ಬದಲಾಯಿಸೋದು ಬ್ಯಾಕ್ಟೀರಿಯಾಗೆ ಕಷ್ಟ, ಹಂಗಾಗಿ ರೆಸಿಸ್ಟೆನ್ಸ್, ಅಂದ್ರೆ ಔಷಧಿಗೆ ಬಗ್ಗದ ಶಕ್ತಿ, ಬರಲ್ಲ ಅಂತ ಶುರುವಲ್ಲಿ ದೊಡ್ಡವರೇ ನಂಬಿದ್ರು. 2006ರಲ್ಲಿ ಪೆಕ್ಸಿಗನಾನ್ ಅನ್ನೋ ಮ್ಯಾಗೈನಿನ್ ತಮ್ಮನ ಡೋಸ್ ನಿಧಾನಕ್ಕೆ ಏರಿಸ್ತಾ 600-700 ತಲೆಮಾರು ಬೆಳೆಸಿದಾಗ ಇ. ಕೊಲೈ, ಸ್ಯೂಡೊಮೊನಾಸ್ ಎರಡೂ ಆರಾಮಾಗಿ ರೆಸಿಸ್ಟೆಂಟ್ ಆದ್ವು, ಮತ್ತೆ ಆ ಪೇಪರ್ ಬರೆದವರಲ್ಲಿ ಜಾಸ್ಲಾಫ್ ಅವ್ರೂ ಒಬ್ರು.

ಅದಕ್ಕಿಂತ ದೊಡ್ಡ ಪಾಠ ಕೊಲಿಸ್ಟಿನ್‌ದು. ಚೀನಾದಲ್ಲಿ ಹಂದಿ ಫೀಡಿಗೆ ಟನ್‌ಗಟ್ಟಲೆ ಹಾಕ್ತಿದ್ರು. 2015ರ ನವೆಂಬರಲ್ಲಿ ಎಂಸಿಆರ್-1 ಅನ್ನೋ ಜೀನ್ ವರದಿ ಆಯ್ತು, ಅದು ಲಿಪಿಡ್ ಎಗೆ ಒಂದು ಪಾಸಿಟಿವ್ ಗುಂಪು ಅಂಟಿಸಿ ಕೊಲಿಸ್ಟಿನ್ ಹಿಡಿತ ತಪ್ಪಿಸತ್ತೆ, ಮತ್ತೆ ಅದು ಪ್ಲಾಸ್ಮಿಡ್ ಅನ್ನೋ ಚಿಕ್ಕ ಬಿಡಿ ಡಿಎನ್‌ಎ ಉಂಗುರದ ಮೇಲೆ ಕೂತಿರೋದ್ರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹಾರತ್ತೆ. ಮನುಷ್ಯರಿಗೆ ಬೇರೆ ಯಾವ್ದೂ ನಾಟದಾಗ ಕೊಡೋ ಕೊನೇ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. 2017ರಲ್ಲಿ ಚೀನಾ ಅದನ್ನ ಬೆಳವಣಿಗೆಗೆ ಹಾಕೋದು ನಿಲ್ಲಿಸ್ತು. ಇಲ್ಲಿಗೆ ಮುಗೀಲಿಲ್ಲ, 2023ರಲ್ಲಿ ಬಂದ ಕೆಲಸದ ಪ್ರಕಾರ ಎಂಸಿಆರ್-1 ಇರೋ ಇ. ಕೊಲೈ ಮನುಷ್ಯ, ಹಂದಿ, ಕೋಳಿಯ ಸ್ವಂತ ಪೆಪ್ಟೈಡ್‌ಗಳನ್ನೂ ಹೆಚ್ಚು ತಡ್ಕೊಳ್ಳತ್ತೆ. ಅಂದ್ರೆ ಫೀಡಲ್ಲಿ ಹಾಕಿದ ಪೆಪ್ಟೈಡ್‌ನಿಂದ ನಮ್ಮ ಹುಟ್ಟು ರಕ್ಷಣೆಗೇ ಪೆಟ್ಟು ಬೀಳ್ಬಹುದು ಅನ್ನೋ ಹಳೇ ಭಯ ಬರೀ ಭಯ ಅಲ್ಲ. ಪ್ರಾಣಿಯ ಅಥವಾ ಮನುಷ್ಯನ ಪೆಪ್ಟೈಡ್‌ಗೇ ಹೋಲೋದನ್ನ ಫೀಡಲ್ಲಿ ತಿಂಗಳುಗಟ್ಟಲೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಸಮಾಧಾನದ ಸುದ್ದಿನೂ ಒಂದಿದೆ. 2019ರಲ್ಲಿ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳ ಜೀನ್ ಹುಡುಕಿದಾಗ, ಪೆಪ್ಟೈಡ್ ರೆಸಿಸ್ಟೆನ್ಸ್ ಜೀನ್‌ಗಳು ಆಂಟಿಬಯೋಟಿಕ್ ರೆಸಿಸ್ಟೆನ್ಸ್ ಜೀನ್‌ಗಳಷ್ಟು ಸುಲಭವಾಗಿ ಜಾತಿಯಿಂದ ಜಾತಿಗೆ ಓಡಾಡಲ್ಲ ಅಂತ ಕಂಡ್ಬಂತು. ಪೊರೆಯ ರಚನೆ ಜೊತೆ ಹೆಣೆದುಕೊಂಡಿರೋದ್ರಿಂದ ಬೇರೆ ಜಾತೀಲಿ ಹೋಗಿ ಕೂತ್ರೆ ಸರಿಯಾಗಿ ಕೆಲಸ ಮಾಡಲ್ಲ.

ಒಂದೇ ರೋಗದ ಬ್ಯಾಕ್ಟೀರಿಯಾಗೆ ಗುರಿ ಇಟ್ಟು ಹೊಡೆಯೋ ಪೆಪ್ಟೈಡ್ ಇದ್ಯಾ? ಇರೋ ಬ್ಯಾಕ್ಟೀರಿಯಾನೆಲ್ಲಾ ಕೆಡಿಸೋದ್ ಬೇಡ

ಇದಾವೆ, ಹೆಚ್ಚಾಗಿ ಬ್ಯಾಕ್ಟೀರಿಯಾಗಳೇ ತಮ್ಮ ಹತ್ತಿರದ ನೆಂಟರನ್ನ ಹೊಡೆಯೋಕೆ ತಯಾರು ಮಾಡೋವು. ಥುರಿಸಿನ್ ಸಿಡಿ ಅನ್ನೋ ಜೋಡಿ ಪೆಪ್ಟೈಡ್ ದೊಡ್ಡ ಕರುಳಿನ ಲ್ಯಾಬ್ ಮಾದರಿಲಿ ಭೇದಿ ತರೋ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಕೊಂದು ಉಳಿದ ಸಮುದಾಯನ ಹೆಚ್ಚು ಅಲ್ಲಾಡಿಸ್ಲಿಲ್ಲ, ಅದೇ ಜಾಗದಲ್ಲಿ ವ್ಯಾಂಕೊಮೈಸಿನ್ ಅನ್ನೋ ಆಂಟಿಬಯೋಟಿಕ್ ಎಲ್ಲಾ ಬುಡಮೇಲು ಮಾಡ್ತು. ಇ. ಕೊಲೈ ನಿಸ್ಲೆ 1917 ಅನ್ನೋ ಹಳೇ ಪ್ರೋಬಯೋಟಿಕ್ ತಳಿ ಉರಿಯೂತ ಇರೋ ಇಲಿ ಕರುಳಲ್ಲಿ ಮೈಕ್ರೋಸಿನ್ ಬಳಸಿ ಸಾಲ್ಮೊನೆಲ್ಲಾನ ಹಿಂದೆ ತಳ್ಳತ್ತೆ ಅಂತ 2016ರಲ್ಲಿ ತೋರಿಸಿದ್ರು. ಇದರ ಕಷ್ಟ, ರೋಗ ಯಾವ್ದು ಅಂತ ಮೊದ್ಲೇ ಗೊತ್ತಿರ್ಬೇಕು, ತಪ್ಪು ಗುರಿಗೆ ಹೊಡೆದ್ರೆ ಏನೂ ಆಗಲ್ಲ.

ಪೆಪ್ಟೈಡ್ ತಿಂದ ಪ್ರಾಣಿಯ ಮಾಂಸ ತಿಂದ್ರೆ ನಮಗೇನಾದ್ರೂ ಆಗತ್ತಾ?

ಕರುಳಲ್ಲೇ ಚೂರಾಗೋ ಮಾಮೂಲಿ ಪೆಪ್ಟೈಡ್ ಮಾಂಸದಲ್ಲಿ ಉಳಿಯೋ ಸಾಧ್ಯತೆ ತೀರಾ ಕಮ್ಮಿ. ನೈಸಿನ್ ಅಂತೂ 1969ರಲ್ಲೇ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಒಪ್ಪಿದ ಆಹಾರ ಸಂರಕ್ಷಕ, ಚೀಸ್‌ನಲ್ಲಿ ಇ234 ಅಂತ ಇರತ್ತೆ. ಜೀರ್ಣ ಆಗದಂಗೆ ಬದಲಾಯಿಸಿದ ಕೃತಕ ಪೆಪ್ಟೈಡ್‌ಗೆ ಮಾತ್ರ ಈ ಸಮಾಧಾನ ಅನ್ವಯಿಸಲ್ಲ, ಅದನ್ನ ಬೇರೆ ಪರೀಕ್ಷೆ ಮಾಡ್ಲೇಬೇಕು. ಭಯ ಪಡೋದಿದ್ರೆ ಮಾಂಸಕ್ಕಲ್ಲ, ಗೊಬ್ಬರದ ಜೊತೆ ಹೊಲಕ್ಕೆ ಹೋಗೋ ರೆಸಿಸ್ಟೆಂಟ್ ಬ್ಯಾಕ್ಟೀರಿಯಾಗೆ.

## ಪೇಪರ್ ಓದೋರಿಗೆ, ಪ್ರಯೋಗ ಮಾಡೋರಿಗೆ

ಲ್ಯಾಬಲ್ಲಿ 4 ಮೈಕ್ರೋಗ್ರಾಂಗೇ ಸಾಯೋ ಬ್ಯಾಕ್ಟೀರಿಯಾಗೆ ಫೀಡಲ್ಲಿ ನೂರಾರು ಮಿಲಿಗ್ರಾಂ ಯಾಕೆ ಬೇಕು?

ಲ್ಯಾಬ್ ಟೆಸ್ಟ್ ನಡೆಯೋದು ಸಲೀಸಾದ ದ್ರವದಲ್ಲಿ. ಕರುಳಲ್ಲಿ ಉಪ್ಪು ಇದೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಇದಾವೆ, ಅವೂ ಪಾಸಿಟಿವ್ ಆಗಿರೋದ್ರಿಂದ ಬ್ಯಾಕ್ಟೀರಿಯಾ ಮೈ ಮೇಲಿನ ಜಾಗ ಮೊದ್ಲೇ ಹಿಡ್ಕೊಂಡಿರ್ತವೆ. ಲೋಳೆಯ ಮ್ಯೂಸಿನ್ ನೆಗೆಟಿವ್, ಅದು ಪೆಪ್ಟೈಡ್‌ನ ದಾರೀಲೇ ತಡೆಯತ್ತೆ, ಫೀಡಿನ ನಾರೂ ಹಿಡಿಯತ್ತೆ, ಕಿಣ್ವಗಳ ಕಾಟ ಬೇರೆ. ಇಷ್ಟೆಲ್ಲಾ ದಾಟಿ ಹೋಗೋಕೆ ಡೋಸ್ ಏರಿಸ್ತಾರೆ, ಏರಿಸಿದಷ್ಟೂ ಖರ್ಚು. ರಾಸಾಯನಿಕವಾಗಿ ಕಟ್ಟಿದ ಪೆಪ್ಟೈಡ್ ಫೀಡಿಗೆ ಗಿಟ್ಟೋದೇ ಇಲ್ಲ, ಅದಕ್ಕೇ ಯೀಸ್ಟ್ ಅಥವಾ ಬ್ಯಾಸಿಲಸ್‌ನಲ್ಲಿ ಬೆಳೆಸಿ ಪೂರ್ತಿ ಶುದ್ಧ ಮಾಡ್ದೆ ಒಣಗಿಸಿ ಕೊಡ್ತಾರೆ.

ಹಂಗೆ ಶುದ್ಧ ಮಾಡ್ದೆ ಕೊಟ್ರೆ ಫಲಿತಾಂಶ ಪೆಪ್ಟೈಡ್‌ದೇ ಅಂತ ಹೆಂಗೆ ಹೇಳೋದು?

ಕಂಟ್ರೋಲ್ ಸರಿ ಇಲ್ದಿದ್ರೆ ಹೇಳೋಕಾಗಲ್ಲ. ಆ ಪುಡೀಲಿ ಯೀಸ್ಟ್ ಗೋಡೆಯ ಬೀಟಾ ಗ್ಲೂಕಾನ್ ಇರತ್ತೆ, ಬ್ಯಾಸಿಲಸ್ ಬೀಜಾಣು ಇರತ್ತೆ, ಅವೂ ಕರುಳಿನ ಮೇಲೆ ಪರಿಣಾಮ ಮಾಡ್ತವೆ. ಸರಿಯಾದ ಕಂಟ್ರೋಲ್ ಅಂದ್ರೆ ಪೆಪ್ಟೈಡ್ ಜೀನ್ ಇಲ್ಲದ ಅದೇ ಯೀಸ್ಟ್‌ನ ಅದೇ ಥರ ಬೆಳೆಸಿ ಅಷ್ಟೇ ಹಾಕೋದು. ಬಹಳ ಪೇಪರಲ್ಲಿ ಇದು ಇರಲ್ಲ, ಬರೀ ಖಾಲಿ ಫೀಡ್ ಗುಂಪು, ಆಂಟಿಬಯೋಟಿಕ್ ಗುಂಪು ಅಷ್ಟೇ ಇರತ್ತೆ.

16ಎಸ್ ಸೀಕ್ವೆನ್ಸಿಂಗ್ ಮಾಡ್ಸಿದ್ವಿ, ಲ್ಯಾಕ್ಟೋಬ್ಯಾಸಿಲಸ್ ಶೇಕಡಾ 20ರಿಂದ 40 ಆಗಿದೆ, ಡಬಲ್ ಆಯ್ತು ಅಂತ ಬರೀಬಹುದಾ ಮೇಡಂ?

ಬರೀಬೇಡಿ. 16ಎಸ್ ಅಂದ್ರೆ ಒಂದು ಜೀನ್ ಓದಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಗುರುತಿಸೋ ಟೆಸ್ಟ್, ಅದು ಕೊಡೋದು ಪಾಲು, ಎಣಿಕೆ ಅಲ್ಲ. ಉಳಿದವು ಸತ್ತು ಅದು ಇದ್ದಷ್ಟೇ ಇದ್ರೂ ಶೇಕಡಾ ಏರತ್ತೆ. ಒಟ್ಟು ಸಂಖ್ಯೆನ ಕ್ಯೂಪಿಸಿಆರ್ (ಡಿಎನ್‌ಎ ಎಷ್ಟಿದೆ ಅಂತ ಅಳೆಯೋ ಟೆಸ್ಟ್) ಮಾಡಿ ತೆಗೀರಿ, ಆಮೇಲೆ ಗುಣಿಸಿ. ಇನ್ನೊಂದು, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎನೂ ಸೀಕ್ವೆನ್ಸ್ ಆಗತ್ತೆ, ಪೊರೆ ಒಡೆಯೋ ಪದಾರ್ಥ ಹಾಕಿ ನೋಡುವಾಗ ಇದು ಚಿಲ್ಲರೆ ವಿಷಯ ಅಲ್ಲ.

ಸ್ಯಾಂಪಲ್ ಎಲ್ಲಿಂದ ತಗೊಂಡ್ರಿ ಅನ್ನೋದೂ ಮುಖ್ಯ. ಮಲದ ಸ್ಯಾಂಪಲ್ ದೊಡ್ಡ ಕರುಳಿನ ಕೊನೆಯ ಕಥೆ ಹೇಳತ್ತೆ, ಪೆಪ್ಟೈಡ್ ಕೆಲಸ ಮಾಡಿದ್ದು ಸಣ್ಣ ಕರುಳಲ್ಲಿ ಆದ್ರೆ ಮಲದಲ್ಲಿ ಕಾಣ್ದೆನೇ ಹೋಗ್ಬಹುದು. ಮತ್ತೆ ಒಂದೇ ದೊಡ್ಡಿಯ ಹತ್ತು ಮರಿ ಹತ್ತು ಸ್ಯಾಂಪಲ್ ಅಲ್ಲ, ಅವು ಒಂದ್ರ ಸಗಣಿ ಇನ್ನೊಂದು ಮೂಸಿ ನೆಕ್ಕಿ ಬ್ಯಾಕ್ಟೀರಿಯಾ ಹಂಚ್ಕೊಂಡಿರ್ತವೆ. ಫೀಡ್ ಕೊಟ್ಟಿದ್ದು ದೊಡ್ಡಿಗೆ, ಹಾಗಾಗಿ ಲೆಕ್ಕಕ್ಕೆ ದೊಡ್ಡಿನೇ ಒಂದು.

ಬ್ಯಾಕ್ಟೀರಿಯಾ ಬದಲಾಗಿದ್ದಕ್ಕೇ ಪ್ರಾಣಿ ಚೆನ್ನಾಗಿ ಬೆಳೀತು ಅಂತ ಸಾಬೀತು ಮಾಡೋದ್ ಹೇಗೆ?

ಎರಡೂ ಒಟ್ಟಿಗೆ ಆಯ್ತು ಅನ್ನೋದು ಸಾಬೀತಲ್ಲ. ಪ್ರಾಣಿ ಚೆನ್ನಾಗಿದ್ದು, ಜಾಸ್ತಿ ತಿಂದು, ಅದ್ರಿಂದ ಬ್ಯಾಕ್ಟೀರಿಯಾ ಬದಲಾಗಿರಬಹುದು. ಗಟ್ಟಿ ದಾರಿ ಎರಡು. ಒಂದು, ಪೆಪ್ಟೈಡ್ ತಿಂದ ಪ್ರಾಣಿಯ ಕರುಳಿನ ಬ್ಯಾಕ್ಟೀರಿಯಾನ ಬ್ಯಾಕ್ಟೀರಿಯಾನೇ ಇಲ್ಲದ ಪ್ರಾಣಿಗೆ ಹಾಕಿ, ಪೆಪ್ಟೈಡ್ ಕೊಡ್ದೆ ಅದೇ ಲಾಭ ಬರತ್ತಾ ನೋಡೋದು, ಹಾಕೋ ಮೊದಲು ಸ್ಯಾಂಪಲಲ್ಲಿ ಪೆಪ್ಟೈಡ್ ಉಳಿದಿಲ್ಲ ಅಂತ ಖಾತ್ರಿ ಮಾಡ್ಕೊಂಡು. ಎರಡು, ಆ ಬ್ಯಾಕ್ಟೀರಿಯಾರಹಿತ ಪ್ರಾಣಿಗೆ ಪೆಪ್ಟೈಡ್ ಮಾತ್ರ ಕೊಡೋದು. ಆಗ್ಲೂ ವಿಲ್ಲೈ ಉದ್ದ ಆಗಿ ಕರುಳಿನ ಬೆಸುಗೆ ಬಿಗಿ ಆದ್ರೆ ಪೆಪ್ಟೈಡ್ ನೇರ ಕರುಳಿನ ಕೋಶಗಳ ಜೊತೆಗೇ ಮಾತಾಡ್ತಿದೆ ಅಂತ ಆಯ್ತು. ಎರಡನೇದು ಮಾಡಿದವ್ರು ಕಮ್ಮಿ, ಯಾಕಂದ್ರೆ ಬ್ಯಾಕ್ಟೀರಿಯಾ ಇಲ್ಲದ ಹಂದಿ ಮರಿ ಸಾಕೋದು ದುಬಾರಿ, ಹೊಟ್ಟೆ ಕುಯ್ದು ಮರಿ ತೆಗ್ದು ಪ್ಲಾಸ್ಟಿಕ್ ಗುಡಾರದಂಥ ಐಸೊಲೇಟರ್‌ನಲ್ಲಿ ಬೆಳೆಸ್ಬೇಕು. ಸ್ಟೂಡೆಂಟ್ಸ್ ಯಾರಾದ್ರೂ ಕೇಳಿದ್ರೆ ಇಲಿಯಿಂದ ಶುರು ಮಾಡಿ ಅಂತೀನಿ, ಹಂದಿ ಆಮೇಲೆ ನೋಡ್ಕೊಳ್ಳೋಣ.